ಕಾಡು ಬೆಳ್ಳುಳ್ಳಿಗೆ ಮುಡಿಪಾದ ಮೂಗು

ಕಾಟ್ಟಿಕುಳಂ ಜಂಕ್ಷನ್ನಿನಲ್ಲಿ ಬಸ್ಸಿಳಿದು ಬಾವಲಿ ರಸ್ತೆಗೆ ತಿರುಗಿದರೆ ಮೊದಲು ಸಿಗುತ್ತಿದ್ದುದು ಅಕ್ಕನ ಪೀಡಿಕೆ. ಅಂಗಡಿಗೆ ನಮ್ಮ ಕಡೆ ಪೀಡಿಕೆ ಅಂತಲೇ ಹೇಳುವುದು. ಹೆಸರು ಬರೆದ ಹಲಗೆ ಇರಲಿಲ್ಲ. ಹೊಸಬರು ಯಾರಾದರೂ "ಬೋರ್ಡು ಹಾಕಬಾರದಾ?" ಅಂದರೆ, "ಯಾಕೆ, ನಿಂಗೆ ಮೂಗಿಲ್ವಾ?" ಅನ್ನುತ್ತಿದ್ದಳು. ಮಳೆಗಾಲದ ಬೆಳಗ್ಗೆ ಅವಳ ಅರೆಯುವ ಕಲ್ಲಿನ ಮೇಲೆ ಕಾಡು ಬೆಳ್ಳುಳ್ಳಿಯ ಸೊಪ್ಪು ಬಿತ್ತೆಂದರೆ, ನಿಂತ ಬಸ್ಸಿನೊಳಗೆ ತೂಕಡಿಸುತ್ತಿದ್ದವರೂ ಕಣ್ಣು ಬಿಟ್ಟು ಕಿಟಕಿಯಿಂದ ಕತ್ತು ಹೊರಹಾಕುತ್ತಿದ್ದರು.

ಈ ಮಳೆಗಾಲದಲ್ಲಿ ಅಕ್ಕ ತೀರಿಕೊಂಡಳು. ನನ್ನ ಒಡಹುಟ್ಟಿದವಳಲ್ಲ. ಊರಿಗೆಲ್ಲ ಅಕ್ಕ, ಮಲಯಾಳದವರಿಗೆ ಚೇಚ್ಚಿ. ಹೆಸರು ಬರೆಯುವುದಿಲ್ಲ. ಬರೆದರೆ ಎಲ್ಲಿದ್ದರೂ ಎದ್ದು ಬಂದು, "ನನ್ನ ಕೇಳಿ ಬರುದ್ಯೇನ್ಲಾ?" ಅಂತ ಕೇಳುವ ಹೆಂಗಸು ಅವಳು.

ನನ್ನ ವಿಷಯ ಎರಡು ಮಾತು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮಲಯಾಳ. ಎರಡೂ ಹೊಟ್ಟೆಗೆ ಸಾಲದೆಂದು ಮೂಟೆ ಹೊರಲು ಇಳಿದೆ. ಕಾಳುಮೆಣಸು, ಕಾಫಿ, ಒಣಶುಂಠಿ, ಈ ಜಂಕ್ಷನ್ನಿನಿಂದ ಲಾರಿ ಹತ್ತಿದ ಮೂಟೆಗಳಲ್ಲಿ ನನ್ನ ಬೆನ್ನು ಕಾಣದ್ದು ಕಡಿಮೆ. ಇವತ್ತು ನನ್ನದೇ ಅಂಗಡಿ ಇದೆ, ಯಾರ ಮುಂದೆಯೂ ಕೈ ಕಟ್ಟಿ ನಿಂತವನಲ್ಲ. ಕೈ ಕಟ್ಟಿದ್ದು ಒಂದೇ ಕಡೆ, ಅಕ್ಕನ ಪಾತಿಯ ಹತ್ತಿರ. ಅದೂ ಬೆನ್ನ ಹಿಂದೆ. ಅದನ್ನೇ ಹೇಳಹೊರಟಿದ್ದೇನೆ.

ಪೀಡಿಕೆಯ ಹಿಂದೆ ಗದ್ದೆ, ಗದ್ದೆಯ ಅಂಚಿಗೆ ತೊರೆ, ತೊರೆಯ ದಂಡೆಯಲ್ಲಿ ಒಂದು ಹಲಸಿನ ಮರ. ಆ ಮರದ ನೆರಳಲ್ಲಿ ಅಕ್ಕನ ಕಾಡು ಬೆಳ್ಳುಳ್ಳಿಯ ಪಾತಿ. ಪೇಟೆಯ ಬೆಳ್ಳುಳ್ಳಿಯ ಹಾಗೆ ಇದರ ಗೆಡ್ಡೆಗೆ ಬೆಲೆಯಿಲ್ಲ. ಕಡಲೆಕಾಳಿನಷ್ಟು ಗೆಡ್ಡೆ, ಎಲ್ಲ ರುಚಿಯೂ ಎಲೆಯಲ್ಲಿ. ಅಕ್ಕ ಈ ಊರಿಗೆ ಮದುವೆಯಾಗಿ ಬಂದ ಹೊಸತರಲ್ಲಿ ಕಾಡುನಾಯ್ಕರ ಹಾಡಿಯ ಒಬ್ಬ ಅಜ್ಜಿ ಸೆರಗಿನಲ್ಲಿ ಕಟ್ಟಿ ತಂದು ಕೊಟ್ಟದ್ದಂತೆ. ಬೇಸಿಗೆಯಲ್ಲಿ ನೋಡಿದರೆ ಅಲ್ಲಿ ಏನೂ ಇಲ್ಲ, ಬರೀ ತರಗೆಲೆ. ಮೊದಲ ಮಳೆ ಬಿದ್ದು ಒಂದು ವಾರಕ್ಕೆ ಹಸಿರು ಮೂತಿಗಳು ಏಳುತ್ತವೆ. ಬೂದಿ, ಹಳೆಯ ಸಗಣಿ ಬಿಟ್ಟರೆ ಬೇರೇನೂ ಹಾಕುವ ಹಾಗಿಲ್ಲ. ಬುಡದಿಂದ ಎರಡು ಬೆರಳು ಬಿಟ್ಟು ಕೊಯ್ಯಬೇಕು, ನಡುವಿನ ಎಳೆ ಸುಳಿಯನ್ನು ಮುಟ್ಟಬಾರದು. ಹೂವಿನ ಮೊಗ್ಗು ಕಂಡ ದಿನ ಕೊಯ್ಲು ನಿಲ್ಲಬೇಕು. "ಅದೂ ಬಸರಿ ಆಗ್ಯದೆ, ಬುಟ್ಬುಡಿ ಅದ್ನ" ಅನ್ನುತ್ತಿದ್ದಳು. ಆನೆ ಹಲಸಿನ ಹಣ್ಣಿಗೆ ಬಂದು ಮರ ಅಲ್ಲಾಡಿಸಿ ಹೋದ ಮರುದಿನವೂ ಪಾತಿ ಹಾಗೇ ಇರುತ್ತಿತ್ತು. ಅದಕ್ಕೂ ಅಕ್ಕನ ಬಾಯಿಯ ಭಯ ಅಂತ ನಾವು ನಗುತ್ತಿದ್ದೆವು.

ಆದರೆ ಆ ಪಾತಿಯೊಳಕ್ಕೆ ಪ್ರತಿ ಮಳೆಗಾಲವೂ ಒಬ್ಬ ಕಳ್ಳ ನುಗ್ಗುತ್ತಿದ್ದ: ಕಾಡು ಈರುಳ್ಳಿ. ಅದು ವಿಷ. ಬೀಜ ಗಾಳಿಯಲ್ಲಿ ಬರುತ್ತದೋ, ಗೆಡ್ಡೆ ತೊರೆಯ ನೀರಲ್ಲಿ ಬರುತ್ತದೋ, ಎಷ್ಟು ಅಗೆದು ಎಸೆದರೂ ಮರುವರ್ಷ ಇನ್ನೆಲ್ಲೋ ಒಂದು ಎದ್ದಿರುತ್ತದೆ. ಎಳೆಯದರಲ್ಲಿ ಎರಡರ ಎಲೆಯೂ ಒಂದೇ. ಅದೇ ಹಸಿರು, ಅದೇ ಅಗಲ. ವಾಸನೆ ಮಾತ್ರ ಬೇರೆ: ಒಂದಕ್ಕೆ ಬೆಳ್ಳುಳ್ಳಿಯ ಘಾಟು, ಇನ್ನೊಂದಕ್ಕೆ ಏನೂ ಇಲ್ಲ.

ಅದಕ್ಕೇ ಅಕ್ಕನ ಪದ್ಧತಿ. ಕೊಯ್ಯುವವರು ಒಬ್ಬರು, ಮೂಸುವವರು ಇನ್ನೊಬ್ಬರು. ಪಾತಿಯ ಮೇಲುಗಾಳಿಯಲ್ಲಿ ಒಂದು ಚಪ್ಪಟೆ ಕಲ್ಲು. ಬೆಳಗ್ಗೆ ಅಕ್ಕ ಅದರ ಮೇಲೆ ಕೈಯೆರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ನ್ಯಾಯ ಹೇಳುವ ಗೌಡನ ಹಾಗೆ ಕೂರುವಳು. ಅವಳ ಗಂಡ, ನಾವು ಭಾವ ಅಂತಿದ್ದೆವು, ಒಂದು ಬುಡದ ಎಲೆಗಳನ್ನು ಕೊಯ್ದು, ಸೀಳಿದ ಬಿದಿರ ಕಡ್ಡಿಗೆ ಸಿಕ್ಕಿಸಿ ಅವಳ ಮೂಗಿನ ಹತ್ತಿರ ಹಿಡಿಯುವರು. "ಆಕು" ಅಂದರೆ ಬಾಳೆನಾರಿನಲ್ಲಿ ಕಟ್ಟಿ ಬುಟ್ಟಿಗೆ. "ಬ್ಯಾಡ" ಅಂದರೆ ಗೆಡ್ಡೆಸಮೇತ ಅಗೆದು ತೊರೆಯಾಚೆಯ ಗುಂಡಿಗೆ. ಆಮೇಲೆ ಕುಡುಗೋಲನ್ನೂ ಕಡ್ಡಿಯನ್ನೂ ಬೂದಿಯಲ್ಲಿ ತಿಕ್ಕಿ, ತೊಳೆದು, ಮುಂದಿನ ಬುಡ. ಮೂಸುವವಳು ಎಲೆಯನ್ನು ಮುಟ್ಟುವಂತಿಲ್ಲ. ಯಾಕೆಂದು ಕೇಳಿದರೆ, "ಅಜ್ಜಿ ಅಂಗೇ ಯೋಳವ್ಳೆ" ಅಷ್ಟೆ. ನಾವೆಲ್ಲ ಅದೊಂದು ಮಡಿ ಅಂತ ತಿಳಿದಿದ್ದೆವು. ಕೆಲವರು ಏನೋ ಮಂತ್ರ ಅಂತಲೂ ಹೇಳುತ್ತಿದ್ದರು.

ಅವಳ ಹೆಮ್ಮೆ ಒಂದೇ: "ನನ್ನ ಕೈಲಿ ಉಂಡೋರ ಒಟ್ಟೆ ನೊಂದಿಲ್ಲ." ದಿನಕ್ಕೊಮ್ಮೆಯಾದರೂ ಇದನ್ನು ಹೇಳದೆ ಬಿಡುತ್ತಿರಲಿಲ್ಲ. ಸೊಪ್ಪಿಗೆ ಜೀರಿಗೆ ಮೆಣಸಿನಕಾಯಿ, ಉಪ್ಪು, ಹುಣಸೆ, ಸುಟ್ಟ ಕಾಯಿ ಇಟ್ಟು ಅರೆದ ಚಟ್ನಿ. ನಮ್ಮವರಿಗೆ ಅಕ್ಕಿರೊಟ್ಟಿಯ ಜೊತೆ, ಮಲಯಾಳದವರಿಗೆ ಬೇಯಿಸಿದ ಮರಗೆಣಸಿನ ಜೊತೆ. ಬೆಂಕಿಗೆ ತೋರಿಸಿದರೆ ಸೊಪ್ಪು ಸತ್ತುಹೋಗುತ್ತದೆ, ಬಿಸಿ ರೊಟ್ಟಿಯ ಮೇಲೆ ಹಸಿಯಾಗಿ ಬೀಳಬೇಕು. ಹೆಚ್ಚು ಕೇಳಿದವರಿಗೆ, "ಇದೇನ್ ಹುಲ್ಲಾ, ಹೊಟ್ಟೆ ತುಂಬಾ ಮೇಯಕ್ಕೆ?"

ಆಗ ವಯನಾಡು ಬೇರೆ ಜಿಲ್ಲೆಯಾದ ಹೊಸದು. ಘಾಟಿ ಹತ್ತಿ ಬಂದ ಗುಮಾಸ್ತರು, ರಸ್ತೆ ಅಳೆಯುವವರು, ಕಂಟ್ರಾಕ್ಟರರು ಎಲ್ಲ ಜಂಕ್ಷನ್ನಿನಲ್ಲಿ ಇಳಿಯುತ್ತಿದ್ದರು. ಪೀಡಿಕೆಯಲ್ಲಿ ಬೆಂಚು ಸಾಲದೆ ಜನ ನಿಂತು ತಿನ್ನುತ್ತಿದ್ದರು. ಅಂಥ ಏರುಕಾಲದಲ್ಲೇ ಅಕ್ಕನಿಗೆ ವಿಷಮಜ್ವರ ಬಂತು. ಬದುಕಿದಳು, ಎದ್ದಳು, ಮತ್ತೆ ಒಲೆ ಹಚ್ಚಿದಳು. ಒಂದು ಬೆಳಗ್ಗೆ ಪೀಡಿಕೆ ತುಂಬ ಜನ. ಭಾವ ಖಾಲಿ ಬುಟ್ಟಿ ಹಿಡಿದು ಹಿತ್ತಲಿಂದ ಬಂದರು. ಅವರ ಹಿಂದೆ ಅಕ್ಕ. ಸೊಂಟಕ್ಕೆ ಕೈಯಿಟ್ಟು ನಿಂತು, ರಸ್ತೆಗೂ ಕೇಳುವ ಹಾಗೆ ಹೇಳಿದಳು:

"ಕೇಳ್ರಪ್ಪೋ. ಇವತ್ತಿಂದ ನಂಗೆ ಮೂಗಿಲ್ಲ. ಜ್ವರ ತಕ್ಕೊಂಡೋಯ್ತು. ಚಟ್ನಿ ಇಲ್ಲ, ಚಾ ಕುಡ್ದು ಓಗಿ."

ಭಾವ ಪಿಸುಗುಟ್ಟಿದರು: "ಎಲ್ಲಾರ ಮುಂದೆ ಯಾಕೆ ಯೋಳ್ಬೇಕಿತ್ತು? ಇಷ್ಟು ವರ್ಷ ನೋಡಿದ್ದೀಯಲ್ಲ, ಕಣ್ಣಲ್ಲೇ ಗೊತ್ತಾಯ್ತದೆ."

"ಕಣ್ಣಲ್ಲಿ ಗೊತ್ತಾಗೋದಾದ್ರೆ ದೇವ್ರು ಮೂಗ್ಯಾಕೆ ಕೊಟ್ಟ? ನೆಗಡಿ ಸುರುಸಕ್ಕಾ?"

ಹೀಗೆ ಹೊಸ ಮೂಗಿನ ಹುಡುಕಾಟ ಶುರುವಾಯಿತು. ಭಾವ ಮೊದಲೇ ಲೆಕ್ಕಕ್ಕಿಲ್ಲ, ನಸ್ಯ ಏರಿಸುವವರು. ಅಂಚೆಯವನಿಗೆ ಬೀಡಿ. ಹಾಲಿನವನಿಗೆ ಹನ್ನೆರಡು ತಿಂಗಳೂ ನೆಗಡಿ. ಕೊನೆಗೆ ಬೆಳ್ಳುಳ್ಳಿ ಕೊಟ್ಟ ಅಜ್ಜಿಯನ್ನೇ ಕರೆಸಿದರು. ಅಜ್ಜಿ ಬಾಯಿ ತುಂಬ ನಗುತ್ತಾ ಹೊಗೆಸೊಪ್ಪು ಉಗುಳಿ, "ನನ್ನ ಮೂಗು ನಿನ್ನದಕ್ಕಿಂತ ಮುಂಚೆ ಸತ್ತೋಯ್ತು ಮಗಾ, ಒಂದು ಚಾ ಕೊಡು" ಅಂದಳು.

ಆ ಹೊತ್ತಿಗೆ ನಾನು ಮೆಣಸಿನ ಮೂಟೆ ಇಳಿಸಿ ಚಾಕ್ಕೆ ಬಂದೆ. ಅಕ್ಕ ನನ್ನನ್ನು ಹಸು ಕೊಳ್ಳುವವಳ ಹಾಗೆ ಮೇಲಿಂದ ಕೆಳಕ್ಕೆ ನೋಡಿದಳು.

"ಲೋ ತಮ್ಮ, ಬೀಡಿ ಸೇದ್ತೀಯಾ?"

"ಇಲ್ಲ ಕಣಕ್ಕ."

"ನಸ್ಯ?"

"ಇಲ್ಲ."

"ಚಾರಾಯ?"

"ಓಣಕ್ಕೆ ಒಂದ್ಸಲ. ಅದೂ ಲಾರಿಯೋರು ಬಲವಂತ ಮಾಡುದ್ರೆ."

"ಬಾಯಿ ನಿಜ ಯೋಳ್ತದೆ. ಮೂಗು ಏನ್ ಯೋಳ್ತದೋ ನೋಡವ, ಬಾ."

ಕಣ್ಣಿಗೆ ಟವೆಲ್ಲು ಕಟ್ಟಿದರು. ಪೀಡಿಕೆಯವರೆಲ್ಲ ಸುತ್ತ ನಿಂತರು. ಹಸಿಶುಂಠಿ, ಒಣಶುಂಠಿ, ಹೋದ ವರ್ಷದ ಮೆಣಸು, ಈ ವರ್ಷದ ಮೆಣಸು, ಮಳೆಯಲ್ಲಿ ನೆನೆದು ಒಣಗಿದ ಕಾಫಿ, ಎಲ್ಲ ಹೇಳಿದೆ. ಬೆನ್ನ ಮೇಲೆ ಹೊತ್ತ ಮಾಲು, ಮೂಗಿಗೆ ಗೊತ್ತಿಲ್ಲದೆ ಇರುತ್ತದೆಯೇ? ಕೊನೆಗೆ ಏನನ್ನೋ ಹಿಡಿದರು. ಎಷ್ಟು ಮೂಸಿದರೂ ಏನೂ ಇಲ್ಲ. ಬೆವರು ಬಂತು. ಸುತ್ತಲಿನವರು ಕಿಸಕ್ಕೆಂದರು. ಏನಾದರೂ ಒಂದು ಹೆಸರು ಹೇಳಿಬಿಡೋಣ ಅನ್ನಿಸಿತು. ಹೇಳಲಿಲ್ಲ. "ಇದ್ರಲ್ಲಿ ಏನೂ ವಾಸ್ನೆ ಇಲ್ಲಕ್ಕ" ಅಂದೆ.

ಅಕ್ಕ ಟವೆಲ್ಲು ಕಿತ್ತಳು. ಕಡ್ಡಿಯ ತುದಿಯಲ್ಲಿ ಕಾಡು ಈರುಳ್ಳಿಯ ಎಲೆ. "ಇಲ್ದಿದ್ನ ಇಲ್ಲ ಅನ್ನೋ ಮೂಗೇ ಬೇಕಾಗಿತ್ತು ನಂಗೆ" ಅಂದಳು. ಶಾಲೆಯಲ್ಲಿ ಯಾವ ಪರೀಕ್ಷೆಯನ್ನೂ ಪಾಸು ಮಾಡದ ನಾನು ಈ ಒಂದನ್ನು ಜಂಕ್ಷನ್ ನೋಡುತ್ತಿರುವಾಗಲೇ ಪಾಸು ಮಾಡಿದೆ. ಇವತ್ತಿಗೂ ಅದನ್ನು ಹೇಳಿಕೊಳ್ಳುತ್ತೇನೆ. ಯಾಕೆ ಹೇಳಿಕೊಳ್ಳಬಾರದು?

ಅಂದಿನಿಂದ ಅಕ್ಕ ಕೊಯ್ಯುವವಳು, ನಾನು ಕಲ್ಲಿನ ಮೇಲೆ ಕೂರುವವನು. ಸಂಬಳ ಅಂದರೆ ರೊಟ್ಟಿ, ಚಟ್ನಿ, ಬೈಗುಳ. ಬಸ್ಸಿನ ಡ್ರೈವರು ಗದ್ದೆಯ ಕಡೆ ನೋಡಿ, "ಚೇಚ್ಚೀ, ಇವನ ಮೂಗಿಗೆ ಎಂತಾ ಕೂಲಿ?" ಅಂತ ಕೂಗುವನು. "ನಿನ್ನ ಬಸ್ಸಿಗಿಂತ ಜಾಸ್ತಿ! ಇದು ದಿನಾ ಟೈಮಿಗೆ ಬತ್ತದೆ" ಅಂತ ಅಕ್ಕ ತಿರುಗಿ ಕೂಗುವಳು. ವಾಸನೆಯ ಎಣ್ಣೆ ತಲೆಗೆ ಹಚ್ಚುವಂತಿಲ್ಲ. ರಾತ್ರಿ ಮೀನು ಉಂಡರೆ ಬೆಳಗ್ಗೆ ಮೂರು ಸಲ ಮುಖ ತೊಳೆಯಬೇಕು. ನೆಗಡಿಯಾದ ದಿನ ಹಿತ್ತಲಿಗೆ ಕಾಲಿಡುವಂತಿಲ್ಲ. ಅಂದು ಚಟ್ನಿಯಿಲ್ಲ, ಮಂತ್ರಿ ಬಂದರೂ ಇಲ್ಲ.

ನನ್ನ ಮದುವೆಯಾದ ಮರುವಾರ ಅಕ್ಕ ಮನೆಗೆ ಬಂದಳು. ಹೆಂಡತಿ ಮಲ್ಲಿಗೆ ಮುಡಿದು, ಪೌಡರು ಹಚ್ಚಿ, ಪರಿಮಳದ ಎಣ್ಣೆ ಹಾಕಿ ಘಮಘಮ ಅನ್ನುತ್ತಿದ್ದಳು. ಅಕ್ಕ ಅವಳ ಗಲ್ಲ ಹಿಡಿದು ಹೇಳಿದಳು: "ನೋಡವ್ವ, ಬೆಳಗ್ಗೆ ಎಂಟು ಗಂಟೆಗಂಟ ಇವನ ಮೂಗು ನಂದು. ಆಮ್ಯಾಲೆ ಪೂರ್ತಿ ನಿಂದು, ಏನಾರ ಮಾಡ್ಕೊ." ಹೆಂಡತಿ ನಾಚಿ ಒಳಗೆ ಓಡಿದಳು. ಆದರೆ ಮಳೆಗಾಲ ಬಂದರೆ ಎಂಟು ಗಂಟೆಯವರೆಗೆ ಹೂ ಮುಡಿಯುವುದನ್ನು ಬಿಟ್ಟಳು. ನಾನು ಹೇಳಿದ್ದಲ್ಲ.

ಮೂಟೆ ಹೊರುವುದು ಬಿಟ್ಟು ಹಳೆಯ ಜೀಪು ಕೊಂಡಾಗ ನನಗೆ ಆಸೆ ಹುಟ್ಟಿತು. "ಅಕ್ಕ, ಸುಲ್ತಾನ್ ಬತ್ತೇರಿ, ಮೀನಂಗಡಿ ಹೋಟ್ಲೋರು ಸೊಪ್ಪು ಕೇಳ್ತಾವ್ರೆ. ಪಾತಿ ದೊಡ್ಡದು ಮಾಡವ. ಕಟ್ಟು ಕಟ್ಟಿ ತುಂಬ್ಕೊಂಡೋಯ್ತೀನಿ" ಅಂದೆ.

"ಒಂದು ಬೆಳಗ್ಗೆ ನಿನ್ನ ಮೂಗು ಎಷ್ಟು ಬುಡ ಮೂಸ್ತದೆ?"

"ಒಂದು ಬುಟ್ಟಿ ಆಗೋವಷ್ಟು. ಆಮ್ಯಾಲೆ ಮಂಕಾಯ್ತದೆ."

"ಅಂಗಾರೆ ನಮ್ಮ ಯಾಪಾರ ಒಂದು ಬುಟ್ಟಿ. ಜೀಪ್ನಲ್ಲಿ ಬೇರೆ ಏನಾರ ತುಂಬ್ಕೊ."

ನಾನು ಮಾಡದ್ದನ್ನು ಇನ್ನೊಬ್ಬ ಮಾಡಿದ. ಬಾವಲಿ ಕಡೆಯಿಂದ ಬಂದ ನಮ್ಮವನೇ ಒಬ್ಬ ಅಕ್ಕನ ಎದುರಿಗೆ ಪೀಡಿಕೆ ಇಟ್ಟ. ದುಡಿಮೆಗಾರ, ಕೆಟ್ಟವನಲ್ಲ. ತೊರೆಯ ಮೇಲಕ್ಕೆ ಹೋಗಿ ತಾನೇ ಸೊಪ್ಪು ಕೊಯ್ದು ತಂದು ಚಟ್ನಿ ಶುರುಮಾಡಿದ. ಅಕ್ಕನಲ್ಲಿ ಸಿಗದವರು ಅಲ್ಲಿಗೆ ಹೋದರು. ಒಂದು ದಿನ ಅವನಲ್ಲಿ ತಿಂದವರು ವಾಂತಿ ಮಾಡಿಕೊಂಡು ಬಿದ್ದರು. ನನ್ನ ಜೀಪಿನಲ್ಲೇ ಆಸ್ಪತ್ರೆಗೆ ಸಾಗಿಸಿದೆ. ಪುಣ್ಯಕ್ಕೆ ಎಲ್ಲರೂ ಉಳಿದರು. ಆದರೆ ಊರಿಂದೂರಿಗೆ ಸುದ್ದಿ ಹೋಗುವಾಗ ಯಾವ ಪೀಡಿಕೆ ಅನ್ನುವುದು ಉದುರಿಹೋಗಿ, "ಕಾಟ್ಟಿಕುಳಂನ ಕಾಡು ಬೆಳ್ಳುಳ್ಳಿ ಚಟ್ನಿ" ಅನ್ನುವುದಷ್ಟೇ ಉಳಿಯಿತು. ಅಂದರೆ ಅಕ್ಕನದು. ಮರುದಿನ ಬಸ್ಸಿನ ಕಂಡಕ್ಟರು, "ಇಲ್ಲಿ ಏನೂ ತಿನ್ನಬೇಡಿ" ಅಂತ ಜನರಿಗೆ ಹೇಳುವುದು ಅಕ್ಕನ ಕಿವಿಗೇ ಬಿತ್ತು. ಬೆಂಚುಗಳು ಖಾಲಿ.

"ನಾಕು ದಿನ ಬಾಗ್ಲಾಕವ" ಅಂದರು ಭಾವ.

"ಬಾಗ್ಲಾಕುದ್ರೆ ನಾನೇ ಮಾಡ್ದೆ ಅಂತಾಯ್ತದೆ. ತಮ್ಮ, ಆ ಕಲ್ಲು ಎತ್ತು."

ಮೂಸುವ ಕಲ್ಲನ್ನು ಹೊತ್ತು ತಂದು ಜಂಕ್ಷನ್ನಿನಲ್ಲಿ, ಬಸ್ಸು ನಿಲ್ಲುವ ಜಾಗದಲ್ಲಿ ಇಟ್ಟೆ. ಅಕ್ಕ ಪಾತಿಯಿಂದ ಕೊಯ್ದ ಸೊಪ್ಪನ್ನೂ ತೊರೆಯಾಚೆ ಗುಂಡಿಯಲ್ಲಿ ಮತ್ತೆ ಚಿಗುರಿದ್ದ ಕಾಡು ಈರುಳ್ಳಿಯ ಎಲೆಯನ್ನೂ ಬೇರೆ ಬೇರೆ ತಂದಳು. ಎದುರು ಪೀಡಿಕೆಯವನನ್ನು ಕರೆದಳು. ಅವನು ತಲೆ ತಗ್ಗಿಸಿ ಬಂದ. ಹಿಂದೆ ಅವನ ಹೆಂಡತಿ, ಅತ್ತು ಕೆಂಪಾದ ಕಣ್ಣು.

"ಮೂಸದೆ ಆಕುದ್ಯಾ?"

"ದೇವ್ರಾಣೆ ಇಲ್ಲಕ್ಕ! ನಿನ್ನಂಗೇ ಒಂದೊಂದ್ನೂ ಮೂಸೇ ಆಕ್ದೆ. ಎಲ್ಲಾ ಬೆಳ್ಳುಳ್ಳಿ ವಾಸ್ನೇನೇ ಇತ್ತು."

ಅಕ್ಕ ಅವನ ಕೈಗೆ ಬೆಳ್ಳುಳ್ಳಿ ಎಲೆ ಕೊಟ್ಟು ಹಿಸುಕಲು ಹೇಳಿದಳು. ಹಿಸುಕಿ ಎಸೆದ. ಅದೇ ಕೈಗೆ ಕಾಡು ಈರುಳ್ಳಿಯ ಎಲೆ ಕೊಟ್ಟಳು. "ಈಗ ಮೂಸು."

ಮೂಸಿದ. "ಬೆಳ್ಳುಳ್ಳಿ."

ಅಕ್ಕ ಆ ಬುಡದ್ದೇ ಇನ್ನೊಂದು ಎಲೆಯನ್ನು ತೊಳೆದ ಕಡ್ಡಿಗೆ ಸಿಕ್ಕಿಸಿ ನನ್ನ ಮೂಗಿನ ಹತ್ತಿರ ಹಿಡಿದಳು. ನಾನು ಕಲ್ಲಿನ ಮೇಲೆ, ಕೈ ಬೆನ್ನ ಹಿಂದೆ. "ಬ್ಯಾಡ" ಅಂದೆ.

"ನೀನು ಎಲೆ ಮೂಸಿಲ್ಲ ಕಣಪ್ಪ" ಅಂದಳು ಅಕ್ಕ, ಬೈಯುವ ದನಿಯಲ್ಲಿ ಅಲ್ಲ. "ನಿನ್ನ ಕೈಯ ನೀನೇ ಮೂಸ್ಕೊಂಡಿದ್ದೀಯ."

ಇಷ್ಟು ಕಾಲ ಕಲ್ಲಿನ ಮೇಲೆ ಕೂತ ನನಗೂ ಆಗಲೇ ಹೊಳೆದದ್ದು. ಬೂದಿಯಲ್ಲಿ ತಿಕ್ಕುವುದು, ಬಿದಿರ ಕಡ್ಡಿ, ಬೆನ್ನ ಹಿಂದಿನ ಕೈ, ಯಾವುದೂ ಮಡಿಯಲ್ಲ. ಒಂದು ಸಲ ಮುಟ್ಟಿದ ಕೈ ಆಮೇಲೆ ಎಲ್ಲವನ್ನೂ ಬೆಳ್ಳುಳ್ಳಿ ಅನ್ನುತ್ತದೆ, ಅಷ್ಟೆ.

ಉಳಿದ ಸೊಪ್ಪನ್ನೂ ಒಂದೊಂದಾಗಿ ನನ್ನಿಂದ ಮೂಸಿಸಿ, ಅಲ್ಲೇ ಚಟ್ನಿ ಅರೆಸಿ, ಎಲ್ಲರ ಎದುರು ಮೊದಲ ತುತ್ತು ತಾನು ತಿಂದಳು. ಎರಡನೆಯದನ್ನು ಆ ಕಂಡಕ್ಟರನ ಬಾಯಿಗೇ ಹಿಡಿದಳು. ತಿನ್ನದೆ ಅವನಿಗೆ ದಾರಿಯಿರಲಿಲ್ಲ. ಆಮೇಲೆ ಎದುರು ಪೀಡಿಕೆಯವನ ಹೆಂಡತಿಯ ಕಡೆ ತಿರುಗಿ, "ನಾಳೆಯಿಂದ ಅವನು ಕೊಯ್ಲಿ, ನೀನು ಮೂಸು. ಇದು ಒಬ್ಬರ ಕೈಲಿ ಆಗೋ ಕೆಲ್ಸ ಅಲ್ಲ. ಗೆಡ್ಡೆ ಬೇಕಾದ್ರೆ ನಮ್ಮ ಪಾತೀಲಿ ತಕ್ಕೊ" ಅಂದಳು. ನಾಲ್ಕು ಹೆಜ್ಜೆ ಹೋದವಳು ನಿಂತು, "ಅಂಗಂತ ನನ್ನ ಚಟ್ನಿಯಂಗೆ ಆಯ್ತದೆ ಅಂದ್ಕೋಬ್ಯಾಡ!" ಅಂತಲೂ ಸೇರಿಸಿದಳು.

ವರ್ಷಗಳು ಕಳೆದಂತೆ ಭಾವ ತೀರಿಹೋದರು. ಎದುರಿನವರು ಪೀಡಿಕೆ ಮಾರಿ ಹೊರಟರು. ಅಕ್ಕನಿಗೆ ಸೊಂಟ ಬಗ್ಗಿದ ಮೇಲೆ ಅವಳ ಮಗನ ಹೆಂಡತಿ, ಸೊಸೆ, ಕುಡುಗೋಲು ಹಿಡಿದಳು. ಅಕ್ಕ ಪಾತಿಯ ಪಕ್ಕ ಕುರ್ಚಿ ಹಾಕಿಸಿಕೊಂಡು ಇಬ್ಬರನ್ನೂ ಬೈಯುತ್ತಿದ್ದಳು. ಕಲ್ಲು ಮಾತ್ರ ನನ್ನದೇ.

ಅಕ್ಕನ ತಿಥಿಯ ದಿನ ಬೆಳಗ್ಗೆ ಹಿತ್ತಲಲ್ಲಿ ಸಾರಿನ ಹಂಡೆ ಏರಿತ್ತು. ಗುಂಡ್ಲುಪೇಟೆ ಕಡೆಯ ನೆಂಟರೆಲ್ಲ ಬಂದಿದ್ದರು. ಎಡೆಗೆ ಅವಳು ಇಷ್ಟಪಟ್ಟದ್ದನ್ನೆಲ್ಲ ಇಡಬೇಕಲ್ಲ, ಚಟ್ನಿಯಿಲ್ಲದೆ ಹೇಗೆ? ಸೊಸೆ ಕೊಯ್ದಳು, ನಾನು ಕಲ್ಲಿನ ಮೇಲೆ ಕೂತು ಕೈ ಹಿಂದೆ ಕಟ್ಟಿದೆ. "ಆಕು. ಆಕು. ಆಕು." ಬುಟ್ಟಿ ಅರ್ಧವಾಗುತ್ತ ಬಂದಾಗ ಒಂದು ಹಿಡಿಯ ಹತ್ತಿರ ನಿಂತುಬಿಟ್ಟೆ. ವಾಸನೆ ಇದೆಯೋ, ಇದೆ ಅಂತ ನಾನೇ ಅಂದುಕೊಳ್ಳುತ್ತಿದ್ದೇನೋ? ಸೊಸೆಯ ತೊಳೆಯದ ಕೈಯನ್ನೇ ಹತ್ತಿರಕ್ಕೆ ತರಿಸಿ ಮೂಸಿದೆ. ಬೆಳಗ್ಗೆಯಿಂದ ಕೊಯ್ದ ಬೆಳ್ಳುಳ್ಳಿಯ ರಸ ಹಸಿಹಸಿಯಾಗಿ ಮೆತ್ತಿತ್ತು. ಮೂಗಿಗೆ ಬಂದದ್ದು ಬರೀ ಒದ್ದೆ ಕೈಯ ತಂಪು.

"ಮಾವ, ಬೇಗ. ಎಡೆಗೆ ಹೊತ್ತಾಯ್ತು" ಅಂತ ಒಳಗಿಂದ ಅಕ್ಕನ ಮಗನ ಕೂಗು.

ಅಷ್ಟು ಜನ ನೆಂಟರು, ಅಂಥ ದಿನ. ನಾನು ಆ ಊರಿಗೇ ಹೆಸರಾದ ಮೂಗು. "ಆಕು" ಅಂದರೆ ಯಾರೂ ಕೇಳುತ್ತಿರಲಿಲ್ಲ. ನಾನು ಎದ್ದು ನಿಂತೆ. ರಸ್ತೆಗೂ ಕೇಳುವ ಹಾಗೆ ಹೇಳಿದೆ:

"ಕೇಳ್ರಪ್ಪೋ. ಇವತ್ತಿಂದ ನಂಗೆ ಮೂಗಿಲ್ಲ. ನಾನು ಆಕು ಅಂದಿದ್ದೆಲ್ಲ ವಾಪಸ್ಸು ತೆಗೀರಿ."

ನೆಂಟರು ಮುಖ ಮುಖ ನೋಡಿಕೊಂಡರು. ಒಬ್ಬರು, "ಚಟ್ನಿ ಬುಡಿ, ಬೇರೆಲ್ಲ ಅದ್ಯಲ್ಲ" ಅಂದರು. ಅಷ್ಟರಲ್ಲಿ ಹಂಡೆಯ ಹತ್ತಿರ ಇದ್ದ ನನ್ನ ಹೆಂಡತಿ ತೊರೆಗೆ ಹೋಗಿ ಮುಖ ತೊಳೆದು ಬಂದಳು. ನರೆತ ತುರುಬಿನಲ್ಲಿ ಹೂವಿರಲಿಲ್ಲ. ನನ್ನನ್ನು ಪಕ್ಕಕ್ಕೆ ಸರಿಸಿ ಕಲ್ಲಿನ ಮೇಲೆ ಕೂತಳು. ಕೈಯೆರಡನ್ನೂ ಬೆನ್ನ ಹಿಂದೆ ಕಟ್ಟಿದಳು.

"ಇನ್ನೂ ಎಂಟು ಗಂಟೆ ಆಗಿಲ್ಲ. ಅಕ್ಕನ ಹೊತ್ತು ಇದು. ತತ್ತಾ" ಅಂದಳು ಸೊಸೆಗೆ.

ಬುಟ್ಟಿಯ ಹಿಡಿಗಳೆಲ್ಲ ಒಂದೊಂದಾಗಿ ಹೊರಬಂದವು. ಸೊಸೆ ಪ್ರತಿ ಸಲವೂ ಕುಡುಗೋಲನ್ನೂ ಕಡ್ಡಿಯನ್ನೂ ತೊಳೆದು, ಪ್ರತಿಯೊಂದರ ತುದಿಯನ್ನೂ ಹೊಸದಾಗಿ ಕತ್ತರಿಸಿ, ಕಡ್ಡಿಗೆ ಸಿಕ್ಕಿಸಿ ಹಿಡಿದಳು. ಆಕು. ಆಕು. ಹೆಂಡತಿಯ ದನಿ ಅಕ್ಕನ ದನಿಯ ಹಾಗೇ ಗಡುಸು. ಎಲ್ಲಿ ಕಲಿತಳೋ. ಆಮೇಲೆ ಒಂದು ಹಿಡಿಗೆ ಕತ್ತು ಹಿಂದಕ್ಕೆ ತೆಗೆದು, ಮತ್ತೆ ಮುಂದೆ ಚಾಚಿ, ಮುಖವನ್ನು ಗಾಳಿಗೆ ತಿರುಗಿಸಿಕೊಂಡು, ಇನ್ನೊಮ್ಮೆ ಮೂಸಿದಳು.

"ಬ್ಯಾಡ."

ನಾನು ಆಕು ಅಂದಿದ್ದ ಹಿಡಿ ಅದು. ನಾನೇ ಕಡ್ಡಿಸಮೇತ ಅದನ್ನು ಒಯ್ದು ತೊರೆಯಾಚೆಯ ಗುಂಡಿಗೆ ಹಾಕಿ, ಸೊಸೆ ತೋರಿಸಿದ ಅದರ ಬುಡದ ಗೆಡ್ಡೆಯನ್ನೂ ಅಗೆದು ಎಸೆದು ಬಂದೆ.

ಅಕ್ಕನಿಗೆ ಎಡೆ ಇಡುವುದು ತಡವಾಯಿತು. ನೆಂಟರು ಗೊಣಗಿದರು, ಉಂಡರು, ಎರಡನೇ ಸಲ ಚಟ್ನಿ ಕೇಳಿದರು. ಅವತ್ತೂ ಯಾರ ಹೊಟ್ಟೆಯೂ ನೋಯಲಿಲ್ಲ.